ಮೂವತ್ತು ದಿನ ಎಂದರೆ ಮೂವತ್ತು ದಿನವೇ



ಬೆಳಿಗ್ಗೆ ಹಾಜರಿಗೆ ಅರ್ಧ ಗಂಟೆ ತಡವಾದರೆ ನಮ್ಮನ್ನು ಲೈನಿಗೆ ಹಿಂದಕ್ಕೆ ಕಳುಹಿಸುತ್ತಾರೆ. ಒಂದು ದಿನದ ಕೂಲಿ ಹೋಯಿತು. ವೇಳೆ ಎಂದರೆ ವೇಳೆ ಎಂದು ನಾವು ತಲೆಬಾಗುತ್ತೇವೆ. ಆದರೆ ನಮ್ಮ ಬೆಟ್ಟದ ಕೆಲವು ತೋಟಗಳಲ್ಲಿ ನಿವೃತ್ತರ ಗ್ರಾಚ್ಯುಟಿಯನ್ನು ವರ್ಷಗಟ್ಟಲೆ ತಡೆದಿಟ್ಟುಕೊಳ್ಳುವ ಮಾಲೀಕರಿಗೆ ವೇಳೆಯೇ ಇಲ್ಲವೇ?

ಗ್ರಾಚ್ಯುಟಿ ಯಾರೂ ಕೊಡುವ ಧರ್ಮದ ಹಣವಲ್ಲ. 1972ರ ಗ್ರಾಚ್ಯುಟಿ ಕಾನೂನಿನಲ್ಲಿ ತೋಟಗಳ ಹೆಸರು ಬರೆದೇ ಇತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ಮಾತು ಹೇಳುತ್ತದೆ. 5 ವರ್ಷ ದುಡಿದ ಖಾಯಂ ಕಾರ್ಮಿಕರು ನಿವೃತ್ತರಾದಾಗ, ಪೂರೈಸಿದ ಒಂದೊಂದು ವರ್ಷಕ್ಕೆ 15 ದಿನದ ಕೂಲಿ ಸಲ್ಲಬೇಕು. 30 ದಿನದೊಳಗೆ ಸಲ್ಲಬೇಕು. ಕಾರ್ಮಿಕನ ತಪ್ಪಿಲ್ಲದೆ ತಡವಾದರೆ ಬಡ್ಡಿಯನ್ನೂ ಕೂಡಿಸಬೇಕು. 30 ವರ್ಷ ಚಹಾ ಚಿಗುರು ಕಿತ್ತ ತಾಯಿಗೆ ಇದು 450 ದಿನದ ಕೂಲಿ!

"ಅರ್ಜಿ ಬಂದಿಲ್ಲ" ಎನ್ನುತ್ತಾರೆ. ಅರ್ಜಿ ಬರಲಿ ಬಾರದಿರಲಿ, ಲೆಕ್ಕ ಹಾಕಿ ತಿಳಿಸುವುದು ಮಾಲೀಕನ ಕರ್ತವ್ಯವೆಂದು ಕಾನೂನೇ ಹೇಳಿದೆ. "ಚಹಾಕ್ಕೆ ಬೆಲೆಯಿಲ್ಲ" ಎನ್ನುತ್ತಾರೆ. ಬೆಲೆ ಏರಿದ ವರ್ಷ ಬಾಕಿಯೆಲ್ಲ ತೀರಿಸಿದರೇ? "ಮೊದಲು ಲೈನ್ ಮನೆ ಬಿಡಿ" ಎನ್ನುತ್ತಾರೆ. ಆ ಹಣ ಕೈಗೆ ಬಂದರೆ ತಾನೇ ಬೇರೆ ಸೂರು ಹುಡುಕುವುದು?

ನಮ್ಮ ತಪ್ಪೂ ಉಂಟು. ಸಂಘದವರಾದ ನಾವೇ ಎಷ್ಟೋ ಮನೆಗಳಲ್ಲಿ "ಸ್ವಲ್ಪ ತಾಳಿಕೊಳ್ಳಿ ಅಜ್ಜಿ" ಎಂದು ಹೇಳಿ ಬಂದೆವು. ತಾಳಿಕೊಂಡವರಲ್ಲಿ ಕೆಲವರನ್ನು ಮಣ್ಣಿಗಿಟ್ಟು ಪ್ರಾರ್ಥನೆ ಮಾಡಿಯೂ ಬಂದೆವು. ಹಣ ಮಾತ್ರ ಬಂದಿರಲಿಲ್ಲ. ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ದೇವರು ಕೊಟ್ಟ ಗಡುವು ಒಂದು ರಾತ್ರಿ. ಸರ್ಕಾರ ಕೊಟ್ಟದ್ದು 30 ದಿನ. ಇದಕ್ಕೂ ಮೀರಿ ಬಡವರಿಗೆ ತಾಳ್ಮೆ ಬೋಧಿಸುವುದು ಭಕ್ತಿಯಲ್ಲ, ಹೇಡಿತನ.

ಆದುದರಿಂದ ನಿವೃತ್ತಿಯ ತಾರೀಖಿಗೆ ಮೊದಲೇ ಅರ್ಜಿ ಬರೆಯಿಸಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ತೋಟದ ಆಫೀಸಿನ ಮುದ್ರೆಯನ್ನೂ ತಾರೀಖನ್ನೂ ಹಾಕಿಸಿಕೊಳ್ಳಿರಿ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ. 31ನೆಯ ದಿನವೂ ಹಣ ಬಾರದಿದ್ದರೆ ಸಂಘಕ್ಕೆ ಬನ್ನಿರಿ. ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ದೂರು ಕೊಡಲು ನಾವು ಜೊತೆಗೆ ಬರುತ್ತೇವೆ.

ತಾಳಿಕೊಳ್ಳಿ ಎಂದು ಇನ್ನು ಹೇಳುವುದಿಲ್ಲ.