ಒಬ್ಬ ಉಪಾಧ್ಯಾಯ, ನೂರು ಮಂದಿ ಮಕ್ಕಳು

ಪರದೇಶಗಳಿಗೆ ಹೋಗಿ ಇಂಗ್ಲೀಷು ಕಲಿಸುವುದು ಇಂದು ಒಂದು ವೃತ್ತಿಯೇ ಆಗಿದೆ. ಆ ವೃತ್ತಿಗೆ ಸಿದ್ಧರಾಗುವವರು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವಿದ್ಯಾರ್ಥಿಗಳುಳ್ಳ ಕೊಠಡಿಗೆ ತಕ್ಕ ಬೋಧನಕ್ರಮವನ್ನು ಅಭ್ಯಾಸಮಾಡಿ ಹೊರಡುತ್ತಾರೆ. ಆದರೆ ಅವರಲ್ಲನೇಕರು ಹೋಗಿ ನಿಲ್ಲುವುದು ಎಂಬತ್ತು, ನೂರು ಮಂದಿ ಮಕ್ಕಳ ಮುಂದೆ. ಪುಸ್ತಕಗಳು ಸಾಲವು, ಬೆಂಚುಗಳಿಲ್ಲ, ಕೆಲವೆಡೆ ಮೇಲೆ ಸೂರೂ ಇಲ್ಲದೆ ಮರದ ನೆರಳೇ ಶಾಲೆಯಾಗಿರುತ್ತದೆ. ಇಂಥಲ್ಲಿ ಉಪಾಧ್ಯಾಯನು ಮಾಡಬಹುದಾದುದೇನು, ಅವನಿಂದಾಗದುದನ್ನು ಮಾಡಬೇಕಾದವರಾರು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ವಿಚಾರಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ಆಫ್ರಿಕದ ಮಲಾವಿ ದೇಶವನ್ನೇ ನೋಡೋಣ. ಆಂಗ್ಲರ ಅಧೀನದಲ್ಲಿದ್ದು 1964ರಲ್ಲಿ ಸ್ವತಂತ್ರವಾದ ಈ ಬಡದೇಶವು 1994ರಲ್ಲಿ ಪ್ರಾಥಮಿಕ ಶಾಲೆಗಳ ಶುಲ್ಕವನ್ನು ತೆಗೆದುಹಾಕಿತು. ಸುಮಾರು 19 ಲಕ್ಷವಿದ್ದ ಮಕ್ಕಳ ಸಂಖ್ಯೆಯು ಒಮ್ಮೆಗೇ 30 ಲಕ್ಷದ ಸಮೀಪಕ್ಕೇರಿತು. ಸರಕಾರವು ಸುಮಾರು 20,000 ಮಂದಿ ತರಬೇತಿಯಿಲ್ಲದವರನ್ನು ಅವಸರದಿಂದ ಉಪಾಧ್ಯಾಯರನ್ನಾಗಿ ನೇಮಿಸಿತು. ಒಬ್ಬ ಉಪಾಧ್ಯಾಯನಿಗೆ 60 ಮಕ್ಕಳೆಂಬುದು ಅಲ್ಲಿಯ ಸರಕಾರವೇ ಇಟ್ಟುಕೊಂಡ ಗುರಿ. ಕೆಳಗಿನ ತರಗತಿಗಳಲ್ಲಿ ನೂರನ್ನು ಮೀರಿದ ಉದಾಹರಣೆಗಳು ವಿರಳವಲ್ಲ. ಶುಲ್ಕವನ್ನು ತೆಗೆದುದು ತಪ್ಪೆಂದು ನಾವು ಎಂದಿಗೂ ಹೇಳೆವು. ಹಸಿದವರಿಗೆ ಬಾಗಿಲು ತೆರೆದುದು ಪುಣ್ಯಕಾರ್ಯವೇ. ಎಲೆ ಹಾಕುವ ಮೊದಲೇ ಪಂಕ್ತಿ ಕುಳಿತುದು ಮಾತ್ರ ಸಂಕಟವಾಯಿತು.

ಸಂಕಟವೆಷ್ಟೆಂಬುದನ್ನು ಲೆಕ್ಕವೇ ಹೇಳುತ್ತದೆ. ನಲವತ್ತು ನಿಮಿಷದ ಪಾಠ, ಎಂಬತ್ತು ಮಕ್ಕಳು. ಉಪಾಧ್ಯಾಯನು ಬಾಯಿಯನ್ನೇ ತೆರೆಯದಿದ್ದರೂ ಒಂದೊಂದು ಮಗುವಿಗೆ ಮಾತನಾಡಲು ದೊರೆಯುವುದು ಅರ್ಧ ನಿಮಿಷ. ಒಂದೊಂದು ನೋಟುಪುಸ್ತಕವನ್ನು ತಿದ್ದಲು ಮೂರು ನಿಮಿಷವೆಂದರೂ ಎಂಬತ್ತಕ್ಕೆ ನಾಲ್ಕು ಗಂಟೆ. ಭಾಷೆಯೆಂಬುದು ಕೇಳಿದಮಾತ್ರಕ್ಕೆ ಬರತಕ್ಕದ್ದಲ್ಲ. ಆಡಿ, ತಪ್ಪಿ, ತಿದ್ದಿಕೊಂಡು ಬರಬೇಕಾದುದು. ಆದುದರಿಂದ ಚಿಕ್ಕ ಕೊಠಡಿಯ ಕ್ರಮವನ್ನು ದೊಡ್ಡ ಗುಂಪಿನ ಮೇಲೆ ಹೇರಿದವನು ಮುಂದಿನ ಎರಡು ಸಾಲಿನ ಚುರುಕು ಹುಡುಗರಿಗೆ ಮಾತ್ರ ಗುರುವಾಗುತ್ತಾನೆ; ಹಿಂದಿನವರಿಗೆ ಅವನು ದೂರದಲ್ಲಿ ಕೇಳುವ ಒಂದು ಸದ್ದು.

ಆದರೆ ಅದೇ ಲೆಕ್ಕವು ಉಪಾಯವನ್ನೂ ತೋರಿಸುತ್ತದೆ. ಎಂಬತ್ತು ಮಕ್ಕಳನ್ನು ಇಬ್ಬಿಬ್ಬರಾಗಿ ಕೂಡಿಸಿ ಹತ್ತು ನಿಮಿಷ ಸಂಭಾಷಣೆಗೆ ಬಿಟ್ಟರೆ ಪ್ರತಿಯೊಬ್ಬನಿಗೂ ಐದು ನಿಮಿಷ ದೊರೆಯಿತು. ಎಂಟೆಂಟು ಮಂದಿಯ ಹತ್ತು ಪಂಗಡಗಳನ್ನು ಮಾಡಿ, ಪಂಗಡಕ್ಕೊಬ್ಬ ನಾಯಕನನ್ನು ನೇಮಿಸಿ, ಆ ನಾಯಕತ್ವವನ್ನು ವಾರಕ್ಕೊಮ್ಮೆ ಬದಲಿಸಬಹುದು. ಮಕ್ಕಳು ಪುಸ್ತಕಗಳನ್ನು ಅದಲುಬದಲಾಗಿ ತಿದ್ದಿಕೊಳ್ಳಲಿ. ಉಪಾಧ್ಯಾಯನು ದಿನಕ್ಕೊಂದು ಪಂಗಡದ ಪುಸ್ತಕಗಳನ್ನು ಸಾವಧಾನವಾಗಿ ನೋಡಲಿ. ಕುಳಿತುಕೊಳ್ಳುವ ಸ್ಥಳವನ್ನು ಆಗಾಗ್ಗೆ ಬದಲಿಸಿದರೆ ಹಿಂದಿನವರೂ ಮುಂದೆ ಬರುವರು. ಇಲ್ಲಿ ಗದ್ದಲವಾಗುವುದು ಸಹಜ. ಗದ್ದಲಕ್ಕೆ ಅಂಜುವ ಮುಖ್ಯೋಪಾಧ್ಯಾಯರೂ ತನಿಖಾಧಿಕಾರಿಗಳೂ ಕೆಲಸದ ಗದ್ದಲವನ್ನು ಪುಂಡಾಟದ ಗದ್ದಲದಿಂದ ಬೇರ್ಪಡಿಸಿ ನೋಡುವುದನ್ನು ಕಲಿಯಬೇಕು.

ಈ ಉಪಾಯಗಳನ್ನು ಹೊಸ ಶೋಧನೆಗಳೆಂದು ನಮ್ಮ ವಾಚಕರು ಭಾವಿಸಬೇಕಾಗಿಲ್ಲ. ಹಿರಿಯ ಹುಡುಗನು ಕಿರಿಯನಿಗೆ ಕಲಿಸುವುದು, ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಇವು ನಮ್ಮ ಕೂಲಿಮಠಗಳ ಪದ್ಧತಿಗಳು. ಮದರಾಸಿನ ಎಗ್ಮೋರಿನಲ್ಲಿ ಅನಾಥಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಈ ಕ್ರಮವನ್ನು ಇಲ್ಲಿ ಕಂಡು, ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದಕ್ಕೆ 'ಮದರಾಸು ಪದ್ಧತಿ' ಎಂದೇ ಹೆಸರಾಯಿತು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ಲನು 1823ರ ತನ್ನ ವರದಿಯಲ್ಲಿ ಇದನ್ನು ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯುಕ್ತವೇ ಎಂದು ಬರೆದಿದ್ದಾನೆ.

ಇಷ್ಟಕ್ಕೇ ಹೆಮ್ಮೆಪಟ್ಟು ಸುಮ್ಮನಾಗುವುದು ನಮಗೆ ತರವಲ್ಲ. ಅದೇ ವರದಿಯು ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕ ಹೇಳುತ್ತದೆ. ಎಂದರೆ ಶಾಲೆಯೊಂದಕ್ಕೆ ಹನ್ನೆರಡು ಹದಿಮೂರು ಮಂದಿ. ಹತ್ತಾರು ಮಂದಿಯ ಮಠದಲ್ಲಿ ಗುರುವಿನ ಕಣ್ಣೆದುರಿಗೆ ನಡೆಯುತ್ತಿದ್ದ ಕ್ರಮವನ್ನು ಇಂಗ್ಲೆಂಡಿನವರು ನೂರಾರು ಮಂದಿಯ ಸಭಾಂಗಣಗಳಿಗೆ ಹಿಗ್ಗಿಸಿದರು. ಅವರನ್ನು ಆಕರ್ಷಿಸಿದುದು ಅದರ ಗುಣಕ್ಕಿಂತ ಅದರ ಅಗ್ಗತನ. ಮಕ್ಕಳು ಪಾಠವನ್ನು ಯಂತ್ರದಂತೆ ಒಪ್ಪಿಸಿದರಲ್ಲದೆ ಅರ್ಥವನ್ನರಿಯಲಿಲ್ಲ. ಕೊನೆಗೆ 1846ರಲ್ಲಿ ಅಲ್ಲಿಯ ಸರಕಾರವೇ ವೇತನಕೊಟ್ಟು ಎಳೆಯ ಉಪಾಧ್ಯಾಯರನ್ನು ತರಬೇತಿಗೊಳಿಸುವ ಬೇರೆ ಏರ್ಪಾಡಿಗೆ ಕೈಹಾಕಬೇಕಾಯಿತು. ಇನ್ನೊಂದು ಮಾತು: ಮಿತವ್ಯಯವನ್ನು ಹೊಗಳಿದ ಕ್ಯಾಂಪ್‌ಬೆಲ್ಲನೇ, ನಾಡು ಬಡವಾದುದರಿಂದ ಹಿಂದೆ ಶಾಲೆಗಳಿದ್ದ ಅನೇಕ ಗ್ರಾಮಗಳಲ್ಲಿ ಈಗ ಒಂದೂ ಉಳಿದಿಲ್ಲವೆಂದೂ ಬರೆದಿದ್ದಾನೆ. ಹೊಗಳಿಕೆಯು ಇಂಗ್ಲೆಂಡಿಗೆ ಉಪಯೋಗಕ್ಕೆ ಬಂದಿತು. ದೂರು ಕಡತದಲ್ಲಿ ಉಳಿಯಿತು. ಜಾಣತನದ ಉಪಾಯವೊಂದು ಕೈಗೆ ಸಿಕ್ಕಿದರೆ ಖಜಾನೆಯು ತನ್ನ ಕರ್ತವ್ಯವನ್ನು ಮರೆಯುವುದು ಎಷ್ಟು ಸುಲಭವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಪರದೇಶದಿಂದ ಹೋದ ಉಪಾಧ್ಯಾಯನಿಗೆ ಇನ್ನೊಂದು ಹೊಣೆಯುಂಟು. ಮಲಾವಿಯಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಂತೆ ಮಕ್ಕಳು ಮೊದಲ ನಾಲ್ಕು ತರಗತಿಗಳನ್ನು ಚಿಚೇವ ಭಾಷೆಯಲ್ಲಿ ಓದಿ, ಐದನೆಯ ತರಗತಿಯಲ್ಲಿ ಥಟ್ಟನೆ ಇಂಗ್ಲೀಷಿಗೆ ಬರುತ್ತಾರೆ. ನೂರು ಮಂದಿಗೆ 'ಇಬ್ಬಿಬ್ಬರಾಗಿ ಕುಳಿತುಕೊಳ್ಳಿ' ಎಂಬುದನ್ನು ತಿಳಿಯದ ಭಾಷೆಯಲ್ಲಿ ಹೇಳಿ ಅರ್ಧ ಪಾಠವನ್ನು ಕಳೆಯುವುದಕ್ಕಿಂತ ಅವರ ಭಾಷೆಯ ಹತ್ತು ವಾಕ್ಯಗಳನ್ನು ತಾನು ಕಲಿಯುವುದು ಮೇಲಲ್ಲವೆ? ಢಾಕಾದಲ್ಲಿ ಬಹುಕಾಲ ಕೆಲಸಮಾಡಿದ ಮೈಕೆಲ್ ವೆಸ್ಟ್ ಎಂಬ ಶಿಕ್ಷಣತಜ್ಞನು ಬಂಗಾಳದ ಮಕ್ಕಳಿಗೆ ಮೊದಲು ಬೇಕಾದುದು ಇಂಗ್ಲೀಷನ್ನು ಓದುವ ಶಕ್ತಿಯೆಂದು ವಾದಿಸಿದನು. ಕಿಕ್ಕಿರಿದ ತರಗತಿಗಳ ಕಷ್ಟವನ್ನೇ ವಿಷಯವಾಗಿಟ್ಟುಕೊಂಡು 1960ರಲ್ಲಿ ಒಂದು ಗ್ರಂಥವನ್ನೂ ಬರೆದನು. ಆತನ ಎಲ್ಲ ಮತಗಳನ್ನೂ ಒಪ್ಪಬೇಕಾಗಿಲ್ಲ. ಆ ಸ್ಥಳದ ಮಕ್ಕಳಿಗೆ ಏನು ಬೇಕೆಂದು ಮೊದಲು ವಿಚಾರಿಸಿದ ಆತನ ಕ್ರಮವು ಅನುಕರಣೀಯವಾದುದು.

ಸಾರಾಂಶವಿಷ್ಟೆ. ಇಂದು ತರಗತಿಯಲ್ಲಿ ಕುಳಿತಿರುವ ಮಗುವು ಸರಕಾರವು ಇನ್ನೊಬ್ಬ ಉಪಾಧ್ಯಾಯನನ್ನು ಕಳುಹಿಸುವವರೆಗೆ ಬೆಳೆಯದೆ ಕಾದಿರಲಾರದು. ಆದುದರಿಂದ ಉಪಾಧ್ಯಾಯನು ಪಂಗಡಗಳನ್ನು ಕಟ್ಟಿ, ಇದ್ದುದರಲ್ಲಿ ಕೆಲಸ ಸಾಗಿಸಲೇಬೇಕು. ಆದರೆ ಅವನು ಸಾಗಿಸುತ್ತಾನೆಂಬುದನ್ನೇ ನೆಪಮಾಡಿಕೊಂಡು ನೂರು ಮಂದಿಗೆ ಒಬ್ಬನೇ ಸಾಕೆಂದು ಅಧಿಕಾರಿಗಳು ತೀರ್ಮಾನಿಸಿದರೆ ಅದು ಆ ಉಪಾಧ್ಯಾಯನಿಗೂ ಆ ಮಕ್ಕಳಿಗೂ ಮಾಡುವ ದ್ರೋಹ. ತೂತುಬಿದ್ದ ದೋಣಿಯಿಂದ ನೀರನ್ನು ಮೊಗೆದು ಚೆಲ್ಲುವವನ ಶ್ರಮವು ಪ್ರಶಂಸನೀಯ. ತೂತನ್ನು ಮುಚ್ಚುವ ಹೊಣೆ ಮಾತ್ರ ದೋಣಿಯ ಯಜಮಾನನದು.