ಓದದವರು ಕಟ್ಟಿದ ತಾಲ್ಲೂಕು



ಈ ಸಲದ ಗೋಡೆ ಪತ್ರಿಕೆಗೆ 'ನಮ್ಮ ತಾಲ್ಲೂಕು' ಎಂಬ ವಿಷಯ ಕೊಟ್ಟಿದ್ದಾರೆ. ಅಂಕೋಲೆ ಬಗ್ಗೆ ಬರೆಯಿರಿ ಅಂದರೆ ನಾವೆಲ್ಲ ಬರೆಯೋದು ಒಂದೇ ಥರ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಘಟ್ಟ, ನಡುವೆ ಗಂಗಾವಳಿ ಹೊಳೆ. ಅಂಕೋಲೆ ಗಿಡದಿಂದ ಊರಿಗೆ ಹೆಸರು ಬಂತು ಅಂತಾರೆ. ನಮ್ಮ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇದೆಲ್ಲ ಸರಿಯೇ. ಆದರೆ ನಾನು ಬೇರೊಂದು ಮಾತು ಹೇಳಬೇಕು ಅಂತಿದ್ದೇನೆ. ನಮ್ಮ ತಾಲ್ಲೂಕಿನ ಹೆಸರು ದೊಡ್ಡದು ಮಾಡಿದವರಲ್ಲಿ ಬಹಳ ಜನ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ಅಂಥವರನ್ನು ನಾವು 'ಎಂಥದೂ ಬಾರದವರು' ಅಂತ ಬಾಯಿಗೆ ಬಂದಂತೆ ಅನ್ನುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಮೊದಲು ಉಪ್ಪಿನ ಕಥೆ ನೋಡಿ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಅದಾಗಿ ಒಂದೇ ವಾರಕ್ಕೆ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದರು. ಆಮೇಲೆ 1932ರಲ್ಲಿ ಅಂಕೋಲಾ ಮತ್ತು ಸಿದ್ದಾಪುರ ತಾಲ್ಲೂಕಿನ ರೈತರು ಸರಕಾರಕ್ಕೆ ಕಂದಾಯ ಕೊಡೋದಿಲ್ಲ ಅಂತ ಕೂತರು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಸರಕಾರ ಸುಮ್ಮನಿರಲಿಲ್ಲ. ಗದ್ದೆ ಜಪ್ತಿಯಾಯಿತು, ಮನೆಯ ಸಾಮಾನು ಹರಾಜಾಯಿತು, ಜನ ಜೈಲಿಗೆ ಹೋದರು. ಗುಜರಾತಿನ ಬಾರ್ಡೋಲಿ ತಾಲ್ಲೂಕಿನ ರೈತರು 1928ರಲ್ಲಿ ಹೀಗೇ ಮಾಡಿದ್ದರು. ಅದಕ್ಕೇ ಅಂಕೋಲೆಯನ್ನು 'ಕರ್ನಾಟಕದ ಬಾರ್ಡೋಲಿ' ಅಂತ ಕರೆಯುತ್ತಾರೆ.

ಪುಸ್ತಕದಲ್ಲಿ ಮುಂದಾಳುಗಳ ಹೆಸರು ಇದೆ, ಇರಲೇಬೇಕು. ಆದರೆ ಮುಂದಾಳು ಒಬ್ಬನೇ ಕಂದಾಯ ಕೊಡದಿದ್ದರೆ ಚಳವಳಿ ಆಗುತ್ತಿತ್ತೇ? ಹೆಬ್ಬೆಟ್ಟು ಒತ್ತುವ ರೈತ 'ಗದ್ದೆ ಹೋದರೂ ಅಡ್ಡಿಯಿಲ್ಲ' ಅಂದದ್ದಕ್ಕೇ ಅದು ಚಳವಳಿಯಾಯಿತು. ಅವನ ಹೆಂಡತಿ ಖಾಲಿ ಒಲೆಯ ಮುಂದೆ ಕೂತರೂ 'ಹೋಗಿ ಕಟ್ಟಿ ಬನ್ನಿ' ಅನ್ನದೇ ಇದ್ದದ್ದೂ ಒಂದು ಸತ್ಯಾಗ್ರಹವೇ. ಅವರ ಹೆಸರು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ.

ಇನ್ನು ಗೇಣಿಯ ಕಥೆ. ಊಳುವವನು ಒಬ್ಬ, ಭತ್ತ ಹೋಗೋದು ಇನ್ನೊಬ್ಬನ ಕಣಜಕ್ಕೆ. ಇದರ ವಿರುದ್ಧ ರೈತರನ್ನು ಒಟ್ಟುಗೂಡಿಸಿದವರು ನಮ್ಮ ತಾಲ್ಲೂಕಿನಲ್ಲೇ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿಯವರು. ಅವರನ್ನು ನಾವು ಚುಟುಕದಿಂದ ಮಾತ್ರ ಬಲ್ಲೆವು. ಆದರೆ ರೈತರ ಪರ ನಿಂತದ್ದಕ್ಕೆ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. ಐದು ವರ್ಷ ಸ್ವಂತ ಜಿಲ್ಲೆಗೆ ಕಾಲಿಡುವಂತಿರಲಿಲ್ಲ. 1953ರಲ್ಲಿ ಅವರೇ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಹೈಸ್ಕೂಲು ತೆರೆದರು.

ಇಲ್ಲಿ ಕೆಲವರು ಕೇಳಬಹುದು, 'ಓದದವರೇ ದೊಡ್ಡವರಾದರೆ ಶಾಲೆ ಯಾಕೆ ಮಾರಾಯ?' ಅಂತ. ಶಾಲೆ ಬೇಕೇ ಬೇಕು. 1974ರಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿಯಾಗಿ ಊಳುವವನಿಗೆ ಭೂಮಿ ಸಿಗುವ ಕಾಲ ಬಂತು. ಆದರೆ ಅದು ತಾನಾಗಿ ಸಿಗಲಿಲ್ಲ. ಗೇಣಿದಾರ ಏಳನೇ ನಂಬರ್ ಫಾರ್ಮ್ ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು, ಊಳುವುದು ತಾನೇ ಅಂತ ತೋರಿಸಬೇಕಿತ್ತು. ತಲೆಮಾರುಗಟ್ಟಲೆ ಊಳಿದವನ ಕೈಯಲ್ಲಿ ಒಂದು ರಸೀದಿ ಚೀಟಿ ಇಲ್ಲದಿದ್ದರೆ ಎಷ್ಟು ಕಷ್ಟ ಅಂತ ಯೋಚಿಸಿ. ಅಕ್ಷರ ಬೇಕಾಗುವುದು ಇಂಥಲ್ಲಿ, ಯಾರೂ ನಮ್ಮನ್ನು ಮೋಸ ಮಾಡಬಾರದು ಅಂತ. ಅಕ್ಷರ ಕಲಿತವನು ಕಲಿಯದವನನ್ನು ನಗಬೇಕು ಅಂತ ದಿನಕರ ದೇಸಾಯಿಯವರು ಶಾಲೆ ಕಟ್ಟಲಿಲ್ಲ.

ಈಗ ನಮ್ಮ ಕಾಲದ ಇಬ್ಬರು ಅಜ್ಜಿಯರ ಮಾತಿಗೆ ಬರುತ್ತೇನೆ. ಇಬ್ಬರೂ ಹಾಲಕ್ಕಿ ಒಕ್ಕಲಿಗರು. ಹೊನ್ನಳ್ಳಿಯ ತುಳಸಿ ಗೌಡರು ಚಿಕ್ಕಂದಿನಲ್ಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಗೆ ಹೋದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಯಾವುದು ತಾಯಿಮರ ಅಂತ ನೋಡಿಯೇ ಹೇಳುತ್ತಿದ್ದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ, ತಮ್ಮ ಎಂದಿನ ಉಡುಗೆಯಲ್ಲೇ ಹೋಗಿ ಪದ್ಮಶ್ರೀ ತಗೊಂಡರು. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಸಾವಿರಾರು ಹಾಡು ಬಾಯಿಪಾಠ ಇತ್ತು. ಸುಗ್ಗಿಗೆ ಬೇರೆ ಹಾಡು, ಮದುವೆಗೆ ಬೇರೆ, ನೆಟ್ಟಿಗೆ ಬೇರೆ. ಸಾರಾಯಿ ವಿರುದ್ಧವೂ ಅವರು ಹೋರಾಡಿದರು. 2017ರಲ್ಲಿ ಅವರಿಗೂ ಪದ್ಮಶ್ರೀ ಬಂತು. ತುಳಸಿ ಗೌಡರು 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳೂ ಆಗಿರಲಿಲ್ಲ, 2025ರ ಫೆಬ್ರವರಿ 13ರಂದು ಸುಕ್ರಜ್ಜಿಯೂ ಹೋದರು.

ಪ್ರಶಸ್ತಿ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಆ ಅಜ್ಜಿಯರು ಮಾತಾಡುತ್ತಿದ್ದ ಮಾತನ್ನೇ ತರಗತಿಯಲ್ಲಿ ಒಬ್ಬ ಹುಡುಗ ಆಡಿದರೆ ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಾರೆ. ಮರುದಿನದಿಂದ ಅಂವ ಬಾಯೇ ಬಿಡುವುದಿಲ್ಲ. ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವುದಿಲ್ಲ. ಹಾಲಕ್ಕಿ, ನಾಡವ, ಕೋಮಾರಪಂತ, ನಾಮಧಾರಿ, ಹರಿಕಂತ್ರ, ಆಗೇರ, ಸಿದ್ದಿ, ಕೊಂಕಣಿ ಮಾತಾಡುವವರು, ಎಲ್ಲರೂ ಇರುವ ತಾಲ್ಲೂಕು ನಮ್ಮದು. ಮನೆಮನೆಗೆ ಒಂದೊಂದು ಬಗೆಯ ಮಾತು. ಪರೀಕ್ಷೆಗೆ ಪುಸ್ತಕದ ಕನ್ನಡ ಬರೆಯೋಣ, ಅದನ್ನು ಚೆನ್ನಾಗಿಯೇ ಕಲಿಯೋಣ. ಆದರೆ ಮನೆಯ ಮಾತಿಗೆ ನಗುವುದು ಅಂದರೆ ಅವನ ಅಜ್ಜಿಗೆ ನಕ್ಕಂತೆ. ಸುಕ್ರಜ್ಜಿಗೆ ಚಪ್ಪಾಳೆ, ಅವಳ ಮಾತಿಗೆ ನಗು, ಇದೆಂಥ ನ್ಯಾಯ?

'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಒಕ್ಕಾಲನ್ನು ಶಾಲೆ ಕೊಡುತ್ತದೆ. ಮುಕ್ಕಾಲು ನಮ್ಮ ಜಗಲಿಯ ಮೇಲೆ ಕವಳ ಹಾಕುತ್ತಾ ಕೂತಿದೆ. ಅದು ದಿನಾ ಸ್ವಲ್ಪ ಸ್ವಲ್ಪ ಖರ್ಚಾಗುತ್ತಿದೆ.

ಅದಕ್ಕೆ ನನ್ನದೊಂದು ಸಲಹೆ. ಬರುವ ತಿಂಗಳಿಂದ ಈ ಗೋಡೆ ಪತ್ರಿಕೆಯಲ್ಲಿ ಒಂದು ಹಾಳೆ ಖಾಲಿ ಇಡೋಣ. ಒಬ್ಬೊಬ್ಬರು ಮನೆಯ ಅಥವಾ ನೆರೆಮನೆಯ ಹಿರಿಯರ ಹತ್ತಿರ ಕೂತು ಒಂದು ಹಾಡು, ಒಂದು ಗಿಡದ ಹೆಸರು, ಒಂದು ಮೀನಿನ ಹೆಸರು, ಗೇಣಿ ಕಾಲದ ಒಂದು ಸಂಗತಿ, ಏನಾದರೂ ಕೇಳಿ ಬರೆದು ತರಲಿ. ಅವರು ಹೇಳಿದ ಮಾತಿನಲ್ಲೇ ಬರೆಯಬೇಕು, ತಿದ್ದಬಾರದು. ಕೆಳಗೆ ಹೇಳಿದವರ ಹೆಸರು ಮೊದಲು, ಬರೆದವರ ಹೆಸರು ಆಮೇಲೆ. ಗುರುಗಳೂ ದಯವಿಟ್ಟು ಆ ಹಾಳೆಯ ಮೇಲೆ ಮಾತ್ರ ಕೆಂಪು ಶಾಯಿ ಹಚ್ಚಬಾರದು ಅಂತ ವಿನಂತಿ.

ನಿಮಗೆ ಏನನ್ನಿಸುತ್ತದೆ? ಬರೆದು ಪಕ್ಕದಲ್ಲೇ ಅಂಟಿಸಿ.

– ನಿಮ್ಮವಳೇ ಒಬ್ಬ ಸಹಪಾಠಿ, ಒಂಬತ್ತನೆಯ ತರಗತಿ