ಯಂತ್ರದ ನಾಡಿ ನೋಡುವವರು

ಮುಂಬಯಿ, ಪುಣೆಗಳಂತಹ ನಗರಗಳಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಕೆಲವಾದರೂ ಕಾರ್ಖಾನೆಯ ಸಂಬಳದಿಂದ ನಡೆಯುವ ಮನೆಗಳು. ಠಾಣೆ-ಬೇಲಾಪುರ ರಸ್ತೆಯ ರಾಸಾಯನಿಕ ಕಾರ್ಖಾನೆಗಳೂ ಚಿಂಚವಾಡದ ಮೋಟಾರು ಕಾರ್ಖಾನೆಗಳೂ ಅಂತಹ ಮನೆಯ ಮಕ್ಕಳಿಗೆ ಬರಿಯ ಭೂಗೋಳದ ಪಾಠವಲ್ಲ. ತಂದೆಯೋ ಅಣ್ಣನೋ ಪಾಳಿ ಮುಗಿಸಿ ಬರುವ ಸ್ಥಳಗಳು. ಆದುದರಿಂದ ಆ ಗೋಡೆಗಳೊಳಗೆ ಇತ್ತೀಚಿನ ವರ್ಷಗಳಲ್ಲಿ ನಡೆಯುತ್ತಿರುವ ಒಂದು ಮಾರ್ಪಾಡನ್ನು ಕುರಿತು ಈ ವಾರ್ಷಿಕ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಪಂಪು, ಮೋಟಾರು, ಬಾಯ್ಲರು, ತೊಟ್ಟಿ, ಸರಕು ಸಾಗಿಸುವ ಗಾಡಿ, ಇವೆಲ್ಲಕ್ಕೂ ಈಗ ಪುಟ್ಟ ಪುಟ್ಟ ಅಳತೆಯ ಉಪಕರಣಗಳನ್ನು ಜೋಡಿಸುತ್ತಿದ್ದಾರೆ. ಪುಸ್ತಕದ ಭಾಷೆಯಲ್ಲಿ ಅದು ಸಂವೇದಕ. ಕೆಲಸಗಾರರ ಮಾತಿನಲ್ಲಿ ಸೆನ್ಸರು. ಶಾಖ, ಒತ್ತಡ, ಕಂಪನ, ದ್ರವದ ಮಟ್ಟ, ಇವುಗಳಲ್ಲಿ ತನಗೆ ವಹಿಸಿದುದನ್ನು ಅದು ಕ್ಷಣಕ್ಷಣಕ್ಕೂ ಅಳೆದು, ತಂತಿಯ ಮೂಲಕವೋ ರೇಡಿಯೋ ಅಲೆಗಳ ಮೂಲಕವೋ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ವಸ್ತುಗಳೇ ಜಾಲವೊಂದರಲ್ಲಿ ಸೇರಿ ಸುದ್ದಿ ಹೇಳುವ ಈ ಏರ್ಪಾಡಿಗೆ ‘ಇಂಟರ್‌ನೆಟ್ ಆಫ್ ಥಿಂಗ್ಸ್’ ಎಂಬ ಹೆಸರನ್ನು ೧೯೯೯ರಲ್ಲಿ ಕೆವಿನ್ ಆಶ್ಟನ್ ಎಂಬ ತಂತ್ರಜ್ಞರು ಇಟ್ಟರು.

ಇದರ ಉಪಯೋಗವನ್ನು ಅಲ್ಲಗಳೆಯುವ ಪಂಗಡಕ್ಕೆ ನಾನು ಸೇರಿದವನಲ್ಲ. ಬೇರಿಂಗಿನ ಒಳಗೆ ಗುಂಡುಗಳು ಉರುಳುವ ಹಾದಿಯಲ್ಲಿ ಸಾಸಿವೆಯಷ್ಟು ಕುಳಿ ಬಿದ್ದರೂ ಸಾಕು, ಪ್ರತಿಯೊಂದು ಗುಂಡು ಅದರ ಮೇಲೆ ಹಾದಾಗ ಒಂದು ಸಣ್ಣ ಪೆಟ್ಟು ಏಳುತ್ತದೆ. ಅಚ್ಚಿನ ವೇಗವೂ ಬೇರಿಂಗಿನ ಅಳತೆಯೂ ಗೊತ್ತಿದ್ದರೆ ಆ ಪೆಟ್ಟು ಸೆಕೆಂಡಿಗೆ ಎಷ್ಟು ಬಾರಿ ಬರಬೇಕೆಂಬುದನ್ನು ಲೆಕ್ಕ ಹಾಕಬಹುದು. ಹಳೆಯ ಫಿಟ್ಟರುಗಳು ಸ್ಕ್ರೂಡ್ರೈವರಿನ ಮೊನೆಯನ್ನು ಬೇರಿಂಗಿನ ಕವಚಕ್ಕಿಟ್ಟು, ಹಿಡಿಗೆ ಕಿವಿಗೊಟ್ಟು ಕೇಳುತ್ತಿದ್ದುದು ಇದನ್ನೇ. ಎಷ್ಟೇ ನುರಿತ ಕಿವಿಯಾದರೂ ಹಗಲಿರುಳು ಮುನ್ನೂರು ಮೋಟಾರುಗಳಿಗೆ ಕಾವಲಿರಲಾರದು; ಸೆನ್ಸರು ಇರಬಲ್ಲದು. ಸರಕಿನ ವಿಷಯದಲ್ಲಿಯೂ ಹಾಗೆಯೇ. ಇಂದು ಚಹದಂಗಡಿಯಲ್ಲಿ ಹಣ ಕೊಡಲು ಬಳಸುವ ಆ ಚೌಕದ ಕ್ಯೂಆರ್ ಗುರುತು ಹುಟ್ಟಿದುದು ೧೯೯೪ರಲ್ಲಿ, ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ, ಮೋಟಾರು ಬಿಡಿಭಾಗಗಳ ಜಾಡು ಹಿಡಿಯುವುದಕ್ಕಾಗಿ. ಬ್ಯಾಟರಿಯೇ ಇಲ್ಲದ ರೇಡಿಯೋ ಚೀಟಿಗಳೂ ಬಂದಿವೆ. ಓದುವ ಯಂತ್ರ ಬೀರುವ ಅಲೆಯಿಂದಲೇ ಶಕ್ತಿಯನ್ನು ಪಡೆದು ಅವು ತಮ್ಮ ಹೆಸರನ್ನು ಹೇಳುತ್ತವೆ. ಎರಕದ ಒಂದು ತಂಡ ಕೆಟ್ಟಿತೆಂದು ತಿಳಿದರೆ ಆ ತಂಡದ ಭಾಗಗಳು ಯಾವ ಯಾವ ವಾಹನಗಳಿಗೆ ಹೋದುವೆಂದು ಹುಡುಕುವುದು ಇವುಗಳಿಂದ ಸುಲಭವಾಗುತ್ತದೆ.

ನನ್ನ ಆಕ್ಷೇಪಣೆ ಬೇರೆಯದು. ಈ ಉಪಕರಣಗಳನ್ನು ಮಾರುವವರೂ ಕೊಳ್ಳುವವರೂ ಒಂದು ಮಾತನ್ನು ಬಲು ಸರಾಗವಾಗಿ ಆಡುತ್ತಾರೆ: ಇನ್ನು ಮೇಲೆ ಸುತ್ತು ಹಾಕಿ ನೋಡುವ ಮನುಷ್ಯನು ಬೇಕಿಲ್ಲ, ಎಲ್ಲವೂ ಪರದೆಯ ಮೇಲೆ ಕಾಣುತ್ತದೆ ಎಂದು. ಪರದೆಯ ಮೇಲೆ ಕಾಣುವುದು ಸೆನ್ಸರು ಹೇಳಿದ ಸುದ್ದಿ ಮಾತ್ರ. ಸುದ್ದಿಗಾರನೇ ಕಣ್ಣು ಮುಚ್ಚಿಕೊಂಡಿದ್ದರೆ ಅದು ಪರದೆಗೆ ತಿಳಿಯುವ ಬಗೆ ಯಾವುದು?

ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಎಂಬಲ್ಲಿ, ಲಂಡನ್ನಿನಿಂದ ತುಸು ಉತ್ತರಕ್ಕೆ, ದೊಡ್ಡದೊಂದು ತೈಲ ಸಂಗ್ರಹಾಗಾರವಿತ್ತು. ೨೦೦೫ರ ಡಿಸೆಂಬರ್ ೧೦ರ ಸಂಜೆ ಅಲ್ಲಿನ ೯೧೨ನೆಯ ತೊಟ್ಟಿಗೆ ಪೆಟ್ರೋಲು ತುಂಬಲಾರಂಭಿಸಿದರು. ನಡುರಾತ್ರಿ ಕಳೆದು ಸುಮಾರು ಮೂರು ಗಂಟೆಗೆ ಮಟ್ಟ ತೋರಿಸುವ ಮಾಪಕವು ಒಂದೇ ಅಂಕೆಯಲ್ಲಿ ನಿಂತುಹೋಯಿತು. ಪೆಟ್ರೋಲು ಏರುತ್ತಲೇ ಇತ್ತು, ಪರದೆಯ ಮೇಲಿನ ಅಂಕೆ ಮಾತ್ರ ಅಲುಗಲಿಲ್ಲ. ತೊಟ್ಟಿ ಅತಿಯಾಗಿ ತುಂಬಿದರೆ ತಾನಾಗಿಯೇ ಹರಿವನ್ನು ನಿಲ್ಲಿಸಲು ಪ್ರತ್ಯೇಕವಾದ ಇನ್ನೊಂದು ಸ್ವಿಚ್ಚನ್ನು ಅಳವಡಿಸಿದ್ದರು. ಅದರ ಸನ್ನೆಕೋಲನ್ನು ಸರಿಯಾದ ಜಾಗದಲ್ಲಿ ಹಿಡಿದಿಡಲು ಒಂದು ಬೀಗ ಹಾಕಬೇಕಾಗಿತ್ತು. ಬೀಗವು ಅಷ್ಟು ಮುಖ್ಯವೆಂಬುದು ಅಲ್ಲಿಯವರಿಗೆ ತಿಳಿದಿರಲಿಲ್ಲ, ಹಾಕಿರಲಿಲ್ಲ. ಬೆಳಗಿನ ಐದೂವರೆಯ ಮೇಲೆ ತೊಟ್ಟಿ ಉಕ್ಕಿ ಹರಿಯಿತು. ಆರು ಗಂಟೆಯ ಸುಮಾರಿಗೆ ಆಸ್ಫೋಟನೆಯಾಯಿತು. ಅಂದು ಭಾನುವಾರವಾಗಿದ್ದುದರಿಂದ ಸುತ್ತಲಿನ ಕಚೇರಿಗಳಲ್ಲಿ ಜನರಿರಲಿಲ್ಲ. ನಲವತ್ತಕ್ಕಿಂತ ಹೆಚ್ಚು ಮಂದಿ ಗಾಯಗೊಂಡರೂ ಯಾರೂ ಸಾಯಲಿಲ್ಲ. ತನಿಖೆಯಲ್ಲಿ ಹೊರಬಿದ್ದ ಸಂಗತಿಯೊಂದಿದೆ: ಆ ಮಾಪಕವು ಹಿಂದಿನ ಮೂರು ತಿಂಗಳಿಗೂ ಹೆಚ್ಚಿನ ಅವಧಿಯಲ್ಲಿ ೧೪ ಬಾರಿ ಹಾಗೆಯೇ ಸಿಕ್ಕಿಕೊಂಡಿತ್ತು. ಹದಿನಾಲ್ಕು ಬಾರಿ ಎಚ್ಚರಿಕೆ ಕೊಟ್ಟ ಉಪಕರಣವನ್ನು ದೂಷಿಸುವುದು ನ್ಯಾಯವಲ್ಲ.

ನಮ್ಮ ದೇಶದ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ೨೦೨೦ರ ಮೇ ೭ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿ ಹನ್ನೆರಡು ಜನ ಸತ್ತರು. ಸ್ಟೈರೀನ್ ಒಂದು ದ್ರವ. ಬಹಳ ದಿನ ಬೆಚ್ಚಗೆ ಇಟ್ಟರೆ ತನ್ನೊಳಗೆ ತಾನೇ ಬೆಸೆದುಕೊಳ್ಳುತ್ತದೆ, ಬೆಸೆಯುವಾಗ ಶಾಖ ಹುಟ್ಟುತ್ತದೆ, ಆ ಶಾಖವು ಬೆಸುಗೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಆ ತೊಟ್ಟಿಯ ಶಾಖವನ್ನು ಅಳೆಯುತ್ತಿದ್ದರು, ನಿಜ. ಅಳೆಯುತ್ತಿದ್ದುದು ತಳದಲ್ಲಿ ಮಾತ್ರ. ನಡುವಿನಲ್ಲಾಗಲಿ ಮೇಲ್ಭಾಗದಲ್ಲಾಗಲಿ ಅಳತೆಯ ವ್ಯವಸ್ಥೆ ಇರಲಿಲ್ಲವೆಂದು ರಾಜ್ಯ ಸರಕಾರವು ನೇಮಿಸಿದ ಉನ್ನತಾಧಿಕಾರ ಸಮಿತಿಯು ಹೇಳಿತು. ಬಿಸಿಯಾದುದು ಮೇಲೇರುತ್ತದೆಂಬುದು ನಮ್ಮ ಏಳನೆಯ ತರಗತಿಯ ಬಾಲಕನಿಗೂ ಗೊತ್ತಿರುವ ವಿಷಯ. ಸೆನ್ಸರು ಸುಳ್ಳು ಹೇಳಬೇಕೆಂದೇನೂ ಇಲ್ಲ. ಅದನ್ನು ತಪ್ಪಾದ ಸ್ಥಳದಲ್ಲಿ ನಿಲ್ಲಿಸಿದರೆ ಸಾಕು.

ಭೋಪಾಲದ ಕಥೆ ಇವೆರಡಕ್ಕಿಂತಲೂ ದಾರುಣವಾದುದು. ೧೯೮೪ರ ಡಿಸೆಂಬರ್ ೨ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ೬೧೦ನೆಯ ತೊಟ್ಟಿಯ ಒತ್ತಡವು ಚದರ ಅಂಗುಲಕ್ಕೆ ೨ ಪೌಂಡಿನಿಂದ ೧೦ ಪೌಂಡಿಗೆ ಏರಿದುದನ್ನು ಮಾಪಕವು ತೋರಿಸಿತ್ತು. ಅದು ಎಂದಿನ ಮಿತಿಯೊಳಗಿನ ಅಂಕೆಯೇ ಆಗಿತ್ತು. ಅದೂ ಅಲ್ಲದೆ ಅಲ್ಲಿನ ಉಪಕರಣಗಳು ಕೆಟ್ಟು ಕೆಟ್ಟು, ಅವುಗಳ ಮಾತನ್ನು ನಂಬುವ ಅಭ್ಯಾಸವೇ ಕೆಲಸಗಾರರಿಗೆ ತಪ್ಪಿಹೋಗಿತ್ತು. ಸೋರಿಕೆಯನ್ನು ಅವರಿಗೆ ಮೊದಲು ತಿಳಿಸಿದುದು ಉರಿಯುತ್ತಿದ್ದ ಅವರ ಕಣ್ಣುಗಳೇ. ದುರಸ್ತಿ ಮಾಡಿಸದ ಮಾಪಕವನ್ನು ಗೋಡೆಯ ಮೇಲೆ ಉಳಿಸಿಕೊಳ್ಳುವುದು, ಮಾಪಕವೇ ಇಲ್ಲದಿರುವುದಕ್ಕಿಂತ ಅಪಾಯಕರವೆಂದು ನನ್ನ ಅಭಿಪ್ರಾಯ. ಇಲ್ಲದ ಕಡೆ ಮನುಷ್ಯನು ಕಾಲೆಳೆದುಕೊಂಡಾದರೂ ಹೋಗಿ ನೋಡಿಯಾನು.

ಇನ್ನು ಜಾಲದ ಸಂಗತಿ. ಎಲ್ಲವನ್ನೂ ಒಂದಕ್ಕೊಂದು ಹೆಣೆದ ಮೇಲೆ, ಒಂದು ಬಾಗಿಲಿನಿಂದ ಒಳನುಗ್ಗಿದ ಕಳ್ಳನಿಗೆ ಎಲ್ಲ ಕೋಣೆಗಳೂ ಸಿಗುತ್ತವೆ. ೨೦೧೯ರ ಮಾರ್ಚ್‌ನಲ್ಲಿ ನಾರ್ವೆ ದೇಶದ ನಾರ್ಸ್ಕ್ ಹೈಡ್ರೊ ಎಂಬ ಅಲ್ಯುಮಿನಿಯಂ ಸಂಸ್ಥೆಯ ಕಂಪ್ಯೂಟರುಗಳನ್ನು ದುಷ್ಕರ್ಮಿಗಳು ಬೀಗ ಹಾಕಿದಂತೆ ಕಟ್ಟಿಹಾಕಿ, ಬಿಡಿಸಲು ಹಣ ಕೇಳಿದರು. ಸಂಸ್ಥೆಯು ಹಣ ಕೊಡಲಿಲ್ಲ. ಹಲವೆಡೆ ಕೆಲಸಗಳನ್ನು ಕೈಯಿಂದಲೇ, ಕಾಗದದ ಮೇಲಿನ ಲೆಕ್ಕದಿಂದಲೇ ನಡೆಸಿದರು. ಹಳೆಯ ಪದ್ಧತಿಯನ್ನು ಬಲ್ಲ ನಿವೃತ್ತ ಕೆಲಸಗಾರರೂ ಕೆಲವರು ಮರಳಿ ಬಂದು ನೆರವಾದರು. ಕೈಯ ವಿದ್ಯೆ ಗೊತ್ತಿದ್ದ ಒಂದು ತಲೆಮಾರು ಅಲ್ಲಿ ಇನ್ನೂ ಬದುಕಿತ್ತು. ಇಪ್ಪತ್ತು ವರ್ಷಗಳ ಮೇಲೆ ಇಂತಹುದೇ ಸಂಕಟ ಒದಗಿದರೆ ಯಾರನ್ನು ಕರೆಯುವುದು?

ಸರಕಿಗೆ ಕಟ್ಟಿದ ಚೀಟಿಯು ಮೆಲ್ಲನೆ ಕೆಲಸಗಾರನ ಕೊರಳಿಗೂ ಬರುತ್ತಿದೆಯೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಬೆಂಕಿ ಬಿದ್ದಾಗ ಯಾರು ಎಲ್ಲಿದ್ದಾರೆಂದು ತಿಳಿಯಲು ಅದು ಇರಲಿ. ನೀರು ಕುಡಿಯಲು ಹೋಗಿ ಎಷ್ಟು ನಿಮಿಷ ಕಳೆದನೆಂದು ಎಣಿಸಲು ಅದನ್ನು ಬಳಸುವ ಯಜಮಾನನು, ಮಾಪಕ ಸಿಕ್ಕಿಕೊಂಡಿದೆಯೆಂದು ತಾನಾಗಿ ಬಂದು ಹೇಳುವ ಕೆಲಸಗಾರನನ್ನು ಕಳೆದುಕೊಳ್ಳುತ್ತಾನೆ.

ಸೆನ್ಸರು ಕೊಳ್ಳಲು ಲಕ್ಷಗಟ್ಟಲೆ ಹಣ ಮಂಜೂರಾಗುತ್ತದೆ. ಅದನ್ನು ವರ್ಷವರ್ಷವೂ ಬಿಚ್ಚಿ ಪರೀಕ್ಷಿಸುವವನ ಸಂಬಳವೆಂದರೆ ದಂಡದ ಖರ್ಚಿನಂತೆ ತೋರುತ್ತದೆ. ಬಳಸುತ್ತ ಬಳಸುತ್ತ ಯಾವ ಉಪಕರಣವಾದರೂ ತನ್ನ ಸರಿಯಾದ ಅಳತೆಯಿಂದ ಕೊಂಚ ಕೊಂಚವಾಗಿ ಜಾರುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಮಕ್ಕಳು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಉಷ್ಣಮಾಪಕವನ್ನು ಅದ್ದಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡುತ್ತಾರಲ್ಲವೆ? ಕಾರ್ಖಾನೆಯಲ್ಲಿ ನಡೆಯಬೇಕಾದುದೂ ಅದೇ ಕೆಲಸ, ದೊಡ್ಡ ಪ್ರಮಾಣದಲ್ಲಿ. ಎಲ್ಲಿ ಸೆನ್ಸರು ಇಡಬೇಕೆಂದು ನಿರ್ಧರಿಸುವಾಗ, ಆ ತೊಟ್ಟಿಯ ಪಕ್ಕದಲ್ಲಿ ಹತ್ತು ವರ್ಷ ಪಾಳಿ ಮಾಡಿದವನನ್ನು ಕೇಳದೆ ನಕಾಶೆಯನ್ನು ಮಾತ್ರ ನೋಡಿ ಗುರುತು ಹಾಕುವುದೂ ನನಗೆ ಸರಿಯೆನಿಸುವುದಿಲ್ಲ.

ಐ.ಟಿ.ಐ.ಗಳಲ್ಲಿ ‘ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್’ ಎಂಬ ಎರಡು ವರ್ಷಗಳ ತರಬೇತಿಯಿದೆ. ಹತ್ತನೆಯ ತರಗತಿ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಕೆಲಸವನ್ನೇ ಬಯಸುತ್ತಾರೆ. ಪಾಲಕರೂ ಅದನ್ನೇ ಪ್ರೋತ್ಸಾಹಿಸುತ್ತಾರೆ. ಆ ಕಂಪ್ಯೂಟರಿಗೆ ಬರುವ ಸುದ್ದಿ ನಿಜವೋ ಸುಳ್ಳೋ ಎಂದು ತೊಟ್ಟಿಯ ಏಣಿ ಹತ್ತಿ ನೋಡಿ ಬರುವವರು ಇವರೇ. ಪ್ರವೇಶದ ಅರ್ಜಿಯಲ್ಲಿ ಆ ಹೆಸರು ಕಂಡಾಗ ಒಮ್ಮೆ ನಿಂತು ವಿಚಾರಿಸಿರೆಂದು ಈ ವರ್ಷ ಶಾಲೆ ಬಿಡುವವರನ್ನೂ ಅವರ ಮನೆಯ ಹಿರಿಯರನ್ನೂ ಕೇಳಿಕೊಳ್ಳುತ್ತೇನೆ.